ಸೈನ್ಯದ ಪಟ್ಟಿ, ಮನಸ್ಸಾಕ್ಷಿ ಮತ್ತು ಶ್ರಾವಕ

ಅಮೆರಿಕದಲ್ಲಿ ಕಡ್ಡಾಯ ಸೈನಿಕ ಸೇವೆ 1973ರಲ್ಲಿಯೇ ನಿಂತಿತು. ಆದರೆ ತರುಣರ ಹೆಸರು ಸೈನ್ಯದ ಪಟ್ಟಿಯಲ್ಲಿರಬೇಕೆಂಬ ವಿಧಿ ಇಂದಿಗೂ ಇದೆ. 1975ರಲ್ಲಿ ಕೈಬಿಟ್ಟಿದ್ದ ಈ ನೋಂದಣಿಯನ್ನು, ಸೋವಿಯತ್ ಸೇನೆ ಅಫ್ಘಾನಿಸ್ತಾನವನ್ನು ಹೊಕ್ಕ ಬಳಿಕ, 1980ರಲ್ಲಿ ಅಧ್ಯಕ್ಷ ಕಾರ್ಟರ್ ಮತ್ತೆ ಜಾರಿಗೆ ತಂದರು. 18ರಿಂದ 25 ವಯಸ್ಸಿನ ಗಂಡಸರು, ಅಲ್ಲಿ ನೆಲಸಿದ ವಲಸಿಗರೂ ಸೇರಿದಂತೆ, ಇದಕ್ಕೆ ಒಳಪಡುತ್ತಾರೆ. ವಿದ್ಯಾರ್ಥಿ ವೀಸಾದವರಿಗೆ ವಿನಾಯಿತಿಯುಂಟು. ಗ್ರೀನ್ ಕಾರ್ಡ್ ಪಡೆದ ಕನ್ನಡ ಮನೆತನದ ಮಗನಿಗೆ ಇಲ್ಲ.

ಹಿಂಸೆಯನ್ನು ಒಪ್ಪದವನ ಗತಿಯೇನು? ಪಟ್ಟಿಗೆ ಸೇರುವುದು ಅವನಿಗೂ ತಪ್ಪದು. ಆಕ್ಷೇಪವನ್ನು ಕರೆ ಬಂದ ಮೇಲಷ್ಟೇ ಹೇಳಿಕೊಳ್ಳಬೇಕು. 1917ರ ಕಾಯಿದೆ ಕ್ವೇಕರರಂತಹ ಯುದ್ಧವಿರೋಧಿ ಪಂಥದವರಿಗೆ ಮಾತ್ರ ರಿಯಾಯಿತಿ ನೀಡಿತ್ತು. 1940ರಲ್ಲಿ ಧಾರ್ಮಿಕ ಶಿಕ್ಷಣ ಮತ್ತು ನಂಬಿಕೆಯಿದ್ದರೆ ಸಾಕೆಂದಾಯಿತು. 1948ರಲ್ಲಿ ಆ ನಂಬಿಕೆ ಪರಮಾತ್ಮನೊಬ್ಬನಿಗೆ ಸಂಬಂಧಿಸಿರಬೇಕೆಂಬ ಮಾತು ಸೇರಿತು. ಜೈನದರ್ಶನ ಬಲ್ಲವರಿಗೆ ತೊಡಕು ಕೂಡಲೇ ಕಾಣುತ್ತದೆ: ಅಹಿಂಸೆಯನ್ನೇ ಪರಮಧರ್ಮವೆಂದು ಸಾರಿದ ಮತವೊಂದು, ಸೃಷ್ಟಿಕರ್ತನನ್ನು ಒಪ್ಪದ ಕಾರಣಕ್ಕೇ, ಆ ವಾಕ್ಯದ ಹೊರಗುಳಿಯಬಹುದಿತ್ತು! 1965ರಲ್ಲಿ ಸೀಗರ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ, ಆಸ್ತಿಕನ ಬಾಳಿನಲ್ಲಿ ದೇವರಿಗಿರುವ ಸ್ಥಾನವೇ ಇನ್ನೊಬ್ಬನ ಬಾಳಿನಲ್ಲಿ ಅವನ ನಂಬಿಕೆಗಿದ್ದರೆ ಸಾಕೆಂದು ಹೇಳಿ ಬಾಗಿಲು ತೆರೆಯಿತು. ನ್ಯಾಯಮೂರ್ತಿ ಡಗ್ಲಸ್ ತಮ್ಮ ಪ್ರತ್ಯೇಕ ಅಭಿಪ್ರಾಯದಲ್ಲಿ ಹಿಂದೂ, ಬೌದ್ಧ ಮತಗಳ ದೈವಕಲ್ಪನೆಯನ್ನು ವಿಸ್ತಾರವಾಗಿಯೇ ಚರ್ಚಿಸಿದರು. 1967ರಲ್ಲಿ ಆ ಪದವೇ ಕಾಯಿದೆಯಿಂದ ಹೋಯಿತು.

ನನ್ನ ದೃಷ್ಟಿಯಲ್ಲಿ ನಿಜವಾದ ಕಗ್ಗಂಟು ಇರುವುದು 1971ರ ಗಿಲೆಟ್ ತೀರ್ಪಿನಲ್ಲಿ. ಯಾವುದೋ ಒಂದು ಯುದ್ಧವನ್ನು ಅನ್ಯಾಯವೆಂದು ನಿರಾಕರಿಸಿದರೆ ಸಾಲದು, ಎಲ್ಲ ಯುದ್ಧವನ್ನೂ ವಿರೋಧಿಸಬೇಕು ಎಂದಿತು ಅದು. ಮುನಿಗೆ ಇದು ಕಷ್ಟವಲ್ಲ. ಮಹಾವ್ರತ ಹಿಂಸೆಯನ್ನು ಪೂರ್ಣವಾಗಿ ತ್ಯಜಿಸುತ್ತದೆ. ಶ್ರಾವಕನಿಗಾದರೋ ಅಣುವ್ರತ. ಅವನು ಬಿಡಲೇಬೇಕಾದದ್ದು ಸಂಕಲ್ಪೀ ಹಿಂಸೆ. ಆಕ್ರಮಣವನ್ನು ಎದುರಿಸುವ ವಿರೋಧೀ ಹಿಂಸೆ ಅವನ ಪಾಲಿಗೆ ಅನಿವಾರ್ಯವೆಂದೇ ಪರಂಪರೆ ಕಂಡಿದೆ. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ಸೇನಾನಿ. ಆ ಮೂರ್ತಿಗೆ ಸುತ್ತಾಲಯ ಕಟ್ಟಿಸಿದ ಗಂಗರಾಜ ವಿಷ್ಣುವರ್ಧನನ ದಂಡನಾಯಕ. ಇವರನ್ನು ಕೊಂಡಾಡುವ ನಾವು, ಅದೇ ಉಸಿರಿನಲ್ಲಿ ಜೈನಗೃಹಸ್ಥನು ಯಾವ ಯುದ್ಧಕ್ಕೂ ಸಲ್ಲದವನೆಂದು ವಾದಿಸಲಾಗದು.

ಆದರೆ ಕಾನೂನು ಈಗ ತೂಗುವುದು ಪಂಥದ ಸಿದ್ಧಾಂತವನ್ನಲ್ಲ, ಅರ್ಜಿದಾರನ ಸ್ವಂತ ಶ್ರದ್ಧೆಯನ್ನು. ಚಾವುಂಡರಾಯನ ಖಡ್ಗವನ್ನು ಬಲ್ಲ ತರುಣನೂ ತನ್ನ ಮಟ್ಟಿಗೆ ಎಲ್ಲ ಯುದ್ಧವೂ ಹೇಯವೆನ್ನಬಹುದು. ಆಗ ಅವನು ಆಧಾರವಾಗಿ ಮುಂದಿಡಬೇಕಾದದ್ದು ಪರಂಪರೆಯನ್ನಲ್ಲ, ತನ್ನ ಬದುಕನ್ನು.