ಹಳೆಯ ಮನೆಗಳಲ್ಲಿ ಇರಿಸಿದ ದಾಖಲೆ ಪತ್ರಗಳಿಗೆ ಬೂಷ್ಟು ಹಿಡಿಯದಂತೆ ತಡೆಯುವ ಕ್ರಮಗಳು

ಸರ್ಕಾರಿ ಸೇವೆಗಳಿಗೆ ಅರ್ಜಿ ಸಲ್ಲಿಸುವಾಗ ಹಲವು ಸಂದರ್ಭಗಳಲ್ಲಿ ಮೂಲ ದಾಖಲೆಗಳನ್ನು ಹಾಜರುಪಡಿಸಬೇಕಾಗುತ್ತದೆ. ಮಲೆನಾಡು ಹಾಗೂ ಕರಾವಳಿ ಜಿಲ್ಲೆಗಳ ಹಳೆಯ ಮನೆಗಳಲ್ಲಿ ಮಳೆಗಾಲ ಕಳೆದು ಪೆಟ್ಟಿಗೆ ತೆರೆದಾಗ ಕ್ರಯಪತ್ರದ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿರುವುದು, ಸರ್ವೆ ನಂಬರು, ಚೆಕ್ಕುಬಂದಿ ಮತ್ತು ಮೊಹರು ಓದಲಾಗದಷ್ಟು ಕಲೆಯಾಗಿರುವುದು ಅಪರೂಪವಲ್ಲ. ಈ ಕುರಿತು ಸಾರ್ವಜನಿಕರ ಮಾಹಿತಿಗಾಗಿ ಕೆಳಕಂಡ ವಿವರಗಳನ್ನು ನೀಡಲಾಗಿದೆ.

ಬೂಷ್ಟು ಹಿಡಿಯಲು ಕಾರಣ

ಬೂಷ್ಟು ಒಂದು ಬಗೆಯ ಶಿಲೀಂಧ್ರ. ಇದರ ಬೀಜಾಣುಗಳು ಗಾಳಿಯಲ್ಲಿ ಸದಾ ಇರುವುದರಿಂದ ಅವುಗಳನ್ನು ಮನೆಯಿಂದ ಹೊರಗಿಡುವುದು ಸಾಧ್ಯವಿಲ್ಲ. ನಿಯಂತ್ರಿಸಬಹುದಾದದ್ದು ತೇವಾಂಶವನ್ನು ಮಾತ್ರ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 65ರಿಂದ 70ನ್ನು ಮೀರಿ ಕೆಲವು ದಿನ ನಿಂತರೆ ಕಾಗದ, ಹತ್ತಿ ಬಟ್ಟೆ, ಚರ್ಮ ಮತ್ತು ಪುಸ್ತಕದ ರಟ್ಟಿನ ಗೋಂದಿನ ಮೇಲೆ ಬೂಷ್ಟು ಬೆಳೆಯತೊಡಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಜಿಲ್ಲೆಗಳಲ್ಲಿ ಆರ್ದ್ರತೆ ಬಹುತೇಕ ಈ ಮಿತಿಗಿಂತ ಮೇಲೆಯೇ ಇರುತ್ತದೆ. ಕಾಗದವು ನೇರವಾಗಿ ನೀರಿನಲ್ಲಿ ನೆನೆದಲ್ಲಿ ಒಂದೆರಡು ದಿನ ಸಾಕು.

ಜಂಬಿಟ್ಟಿಗೆ ಹಾಗೂ ಮಣ್ಣಿನ ಗೋಡೆಗಳು ನೆಲದ ತೇವವನ್ನು ಹೀರಿ ಮೇಲಕ್ಕೆಳೆಯುತ್ತವೆ. ಸುಣ್ಣದ ಗಾರೆ ಇದ್ದಲ್ಲಿ ಆ ತೇವ ನಿಧಾನವಾಗಿ ಹೊರಹೋಗುತ್ತದೆ. ದುರಸ್ತಿಯ ಹೆಸರಿನಲ್ಲಿ ಅಂತಹ ಗೋಡೆಗೆ ಸಿಮೆಂಟ್ ಗಿಲಾವು ಅಥವಾ ಎಣ್ಣೆಬಣ್ಣ ಬಳಿದಲ್ಲಿ ತೇವವು ಗೋಡೆಯೊಳಗೇ ಸಿಲುಕುತ್ತದೆ. ಗೋಡೆಗೆ ಒತ್ತಿಕೊಂಡ ಬೀರುವಿನ ಹಿಂಬದಿ ಮೊದಲು ಕೆಡುವುದು ಇದೇ ಕಾರಣದಿಂದ.

ಇನ್ನೊಂದು ಬದಲಾವಣೆಯನ್ನು ಹೆಚ್ಚಿನವರು ಗಮನಿಸಿರುವುದಿಲ್ಲ. ಹಿಂದೆ ಅಡುಗೆಮನೆಯ ಮೇಲಿನ ಅಟ್ಟವು ಮನೆಯಲ್ಲಿಯೇ ಅತ್ಯಂತ ಒಣಗಿದ ಸ್ಥಳವಾಗಿತ್ತು. ಸೌದೆ ಒಲೆಯ ಬಿಸಿ ಮತ್ತು ಹೊಗೆ ದಿನವಿಡೀ ಮೇಲೇರುತ್ತಿದ್ದುದರಿಂದ ಅಲ್ಲಿ ಇರಿಸಿದ ವಸ್ತುಗಳು ಮಳೆಗಾಲದಲ್ಲಿಯೂ ಕೆಡುತ್ತಿರಲಿಲ್ಲ. ಗ್ಯಾಸ್ ಒಲೆ ಬಂದ ನಂತರ ಆ ಬಿಸಿ ಇಲ್ಲವಾಗಿದೆ, ಆದರೆ ಹಿರಿಯರ ಪೆಟ್ಟಿಗೆ ಅಟ್ಟದಲ್ಲಿಯೇ ಉಳಿದಿದೆ. ಒಡೆದ ಹೆಂಚಿನಿಂದ ತೊಟ್ಟಿಕ್ಕುವ ನೀರು ಮೊದಲು ತಲುಪುವುದೂ ಅಲ್ಲಿಗೇ. ಒಲೆ ಉರಿಯದ ಮನೆಯಲ್ಲಿ ಅಟ್ಟವನ್ನು ದಾಖಲೆಗಳಿಗೆ ಬಳಸದಿರುವುದು ಸೂಕ್ತ.

ದಾಖಲೆಗಳನ್ನು ಇರಿಸುವ ವಿಧಾನ

ಪೆಟ್ಟಿಗೆ ಅಥವಾ ಬೀರುವನ್ನು ಮನೆಯ ಒಳಗೋಡೆಯ ಬಳಿ, ಗೋಡೆಯಿಂದ ಕನಿಷ್ಠ ಒಂದು ಗೇಣು ದೂರದಲ್ಲಿ, ನೆಲಕ್ಕೆ ತಾಗದಂತೆ ಮರದ ಹಲಗೆ ಅಥವಾ ಇಟ್ಟಿಗೆಯ ಮೇಲೆ ಇರಿಸತಕ್ಕದ್ದು. ಬಚ್ಚಲುಮನೆಗೆ ಹೊಂದಿಕೊಂಡ ಗೋಡೆ ಯಾವ ಕಾರಣಕ್ಕೂ ಸೂಕ್ತವಲ್ಲ. ದಾಖಲೆಗಳನ್ನು ಒಗೆದು ಚೆನ್ನಾಗಿ ಒಣಗಿಸಿದ ಹತ್ತಿ ಬಟ್ಟೆಯಲ್ಲಿ ಸುತ್ತುವುದು ಉತ್ತಮ. ಕಚೇರಿಗಳ ದಫ್ತರಗಳನ್ನು ಬಟ್ಟೆಯಲ್ಲಿ ಕಟ್ಟಿಡುವ ಪದ್ಧತಿಗೆ ಇದರಲ್ಲಿ ಅರ್ಥವಿದೆ: ಬಟ್ಟೆ ಧೂಳನ್ನು ತಡೆಯುತ್ತದೆ, ಗಾಳಿಯನ್ನು ತಡೆಯುವುದಿಲ್ಲ. ತೇವವಿರುವ ಕಾಗದವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿದಲ್ಲಿ ತೇವವನ್ನೂ ಜೊತೆಗೆ ಕಟ್ಟಿಟ್ಟಂತಾಗುತ್ತದೆ.

ಮೂಲ ದಾಖಲೆಗಳಿಗೆ ಲ್ಯಾಮಿನೇಷನ್ ಮಾಡಿಸಬಾರದು. ಬಿಸಿಯಿಂದ ಅಂಟಿದ ಹಾಳೆಯನ್ನು ಮತ್ತೆ ಬಿಡಿಸಲಾಗದು. ಅದರ ಮೇಲೆ ಹಿಂಬರಹ, ಸಹಿ ಅಥವಾ ಮೊಹರು ಹಾಕುವುದೂ ಸಾಧ್ಯವಾಗುವುದಿಲ್ಲ.

ನುಸಿಗುಳಿಗೆಯು ಕೀಟಗಳನ್ನು ದೂರವಿಡುತ್ತದೆಯೇ ಹೊರತು ತೇವವನ್ನು ಹೀರುವುದಿಲ್ಲ. ಬೂಷ್ಟಿಗೆ ಅದನ್ನು ನಂಬಿ ಕೂರುವುದು ವ್ಯರ್ಥ. ಬೇವಿನ ಎಲೆ ಹಾಕುವವರು ಪೂರ್ಣ ಒಣಗಿದ ಎಲೆಯನ್ನೇ ಹಾಕಬೇಕು, ಹಸಿ ಎಲೆ ತಾನೇ ತೇವ ಬಿಡುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಣ ಕಾಗದಗಳೊಂದಿಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನು ಇರಿಸಬಹುದು. ತೇವ ತುಂಬಿದ ಪೊಟ್ಟಣ ಕೆಲಸ ಮಾಡುವುದಿಲ್ಲವಾದ್ದರಿಂದ ಆಗಾಗ್ಗೆ ಬದಲಿಸಬೇಕು. ಸುಟ್ಟ ಸುಣ್ಣದ ಕಲ್ಲನ್ನು ಕಾಗದದ ಪೆಟ್ಟಿಗೆಯಲ್ಲಿ ಇಡಬಾರದು. ನೀರು ತಾಗಿದಾಗ ಅದು ತೀವ್ರವಾಗಿ ಬಿಸಿಯಾಗುತ್ತದೆ.

ಬಟ್ಟೆಬರೆ, ರೇಷ್ಮೆ ಸೀರೆ ಹಾಗೂ ಪುಸ್ತಕಗಳಿಗೂ ಇವೇ ಕ್ರಮಗಳು ಅನ್ವಯಿಸುತ್ತವೆ.

ಬೂಷ್ಟು ಈಗಾಗಲೇ ಹಿಡಿದಿದ್ದಲ್ಲಿ

ಒದ್ದೆ ಬಟ್ಟೆಯಿಂದ ಒರೆಸಬಾರದು; ಒರೆಸಿದರೆ ಕಲೆ ಕಾಗದದೊಳಕ್ಕೆ ಇಳಿಯುತ್ತದೆ, ಮಸಿಯೂ ಹರಡುತ್ತದೆ. ಮೊದಲು ಹಾಳೆಗಳನ್ನು ನೆರಳಿನಲ್ಲಿ, ಗಾಳಿ ಆಡುವ ಕಡೆ ಒಣಗಿಸಬೇಕು. ಕಡು ಬಿಸಿಲಿನಲ್ಲಿ ಕಾಗದ ಪೆಡಸಾಗುತ್ತದೆ ಮತ್ತು ಬಣ್ಣದ ಮಸಿ ಮಾಸುತ್ತದೆ. ಪೂರ್ಣ ಒಣಗಿದ ನಂತರ ಮೃದುವಾದ ಕುಂಚದಿಂದ ಮನೆಯ ಹೊರಗೆ ನಿಂತು ಝಾಡಿಸಬೇಕು. ಮೂಗು, ಬಾಯಿಗಳನ್ನು ಮುಚ್ಚಿಕೊಳ್ಳುವುದು ಅವಶ್ಯ. ಅಸ್ತಮಾ ಇರುವವರು ಈ ಕೆಲಸವನ್ನು ಇತರರಿಗೆ ವಹಿಸತಕ್ಕದ್ದು. ಅಂಟಿಕೊಂಡ ಹಾಳೆಗಳನ್ನು ಎಳೆದು ಬಿಡಿಸಬಾರದು.

ನಕಲು ದೊರೆಯುವ ಮತ್ತು ದೊರೆಯದ ದಾಖಲೆಗಳು

ಎಲ್ಲ ಕಾಗದಗಳ ನಷ್ಟವೂ ಒಂದೇ ಬಗೆಯದಲ್ಲ. ಸ್ಥಿರಾಸ್ತಿಗೆ ಸಂಬಂಧಿಸಿದ ನೋಂದಾಯಿತ ಪತ್ರಗಳು ಉಪನೋಂದಣಾಧಿಕಾರಿಗಳ ಕಚೇರಿಯ 1ನೇ ಪುಸ್ತಕದಲ್ಲಿ ದಾಖಲಾಗಿರುತ್ತವೆ. ನೋಂದಣಿ ಅಧಿನಿಯಮ, 1908ರ 57ನೇ ಪ್ರಕರಣದ ಪ್ರಕಾರ ನಿಗದಿತ ಶುಲ್ಕ ಪಾವತಿಸಿ ಇವುಗಳ ದೃಢೀಕೃತ ನಕಲನ್ನು ಪಡೆಯಬಹುದಾಗಿದೆ. ಮೂಲ ಪತ್ರದ ಒಳವಿವರಗಳನ್ನು ರುಜುವಾತುಪಡಿಸಲು ಸದರಿ ನಕಲು ಸ್ವೀಕಾರಾರ್ಹ. ಆದಾಗ್ಯೂ ಆಸ್ತಿಯನ್ನು ಅಡವಿಟ್ಟು ಸಾಲ ಪಡೆಯುವಾಗ ಬ್ಯಾಂಕುಗಳು ಸಾಮಾನ್ಯವಾಗಿ ಮೂಲ ಪತ್ರವನ್ನೇ ಕೇಳುತ್ತವೆ ಎಂಬುದನ್ನು ಅರ್ಜಿದಾರರು ಗಮನದಲ್ಲಿಡಬೇಕು. ಜನನ ಮತ್ತು ಮರಣ ಪ್ರಮಾಣಪತ್ರಗಳನ್ನು ನೋಂದಣಿ ಪುಸ್ತಕದ ಆಧಾರದ ಮೇಲೆ ಮತ್ತೆ ಪಡೆಯಬಹುದು.

ನೋಂದಣಿಯಾಗದ ಪಾಲುಪಟ್ಟಿ, ಕೈಬರಹದ ಒಪ್ಪಂದ, ಹಳೆಯ ಕಂದಾಯ ರಸೀದಿ, ಹಿರಿಯರ ಪತ್ರ ಮತ್ತು ಲೆಕ್ಕದ ಪುಸ್ತಕ, ಇವುಗಳಿಗೆ ಬೇರೆಲ್ಲಿಯೂ ಪ್ರತಿ ಇರುವ ಸಂಭವ ಕಡಿಮೆ. ಮಳೆಗಾಲಕ್ಕೆ ಮುನ್ನ ಮೊದಲು ಒಣಗಿಸಿ, ಸ್ಕ್ಯಾನ್ ಮಾಡಿಸಿಡಬೇಕಾದವು ಇವೇ. ಸ್ಕ್ಯಾನ್ ಪ್ರತಿಯು ಮೂಲ ದಾಖಲೆಗೆ ಸಮನಲ್ಲವಾದರೂ, ನೋಂದಾಯಿತ ಪತ್ರಗಳ ವಿಷಯದಲ್ಲಿ ಅದರಲ್ಲಿರುವ ದಸ್ತಾವೇಜು ಸಂಖ್ಯೆ, ವರ್ಷ ಮತ್ತು ಕಚೇರಿಯ ಹೆಸರು ದೃಢೀಕೃತ ನಕಲಿಗೆ ಅರ್ಜಿ ಸಲ್ಲಿಸುವಾಗ ನೆರವಾಗುತ್ತವೆ. ಈ ವಿವರಗಳು ಇಲ್ಲದಿದ್ದಲ್ಲಿ ಪಕ್ಷಕಾರರ ಹೆಸರು ಅಥವಾ ಆಸ್ತಿಯ ವಿವರದ ಮೇಲೆ ಸೂಚಿಕೆಗಳಲ್ಲಿ ಹುಡುಕಬೇಕಾಗುತ್ತದೆ.