ತೆಪ್ಪ ಏರಿದ ಹುಡುಗ, ಘಟ್ಟ ಹತ್ತಿದ ಹುಡುಗ

ಸಂಪಾಜೆ ಅಂದರೆ ಒಂದೂರಲ್ಲ, ಎರಡೂರು. ಒಂದು ಸುಳ್ಯ ತಾಲೂಕಿನದು, ಇನ್ನೊಂದು ಕೊಡಗಿನದು. ನಡುವೆ ಗಡಿ, ಪಕ್ಕದಲ್ಲಿ ಪಯಸ್ವಿನಿ, ಮುಂದೆ ಘಟ್ಟ. ಈ ದಾರಿಯಲ್ಲಿ ರಾಜರು ಹೋಗಿದ್ದಾರೆ, ಕುಂಪಣಿ ಸೈನ್ಯ ಹೋಗಿದೆ, ಕಾಫಿ ಮೂಟೆ ಇಳಿದಿದೆ. ಇವೆಲ್ಲ ಇತಿಹಾಸದ ಪುಸ್ತಕದಲ್ಲಿ ಸಿಗುತ್ತವೆ. ಆದರೆ ಮುಂಗಡದ ಸಾಲ ತೀರಿಸೋದಕ್ಕೆ ಬರಿಗಾಲಲ್ಲಿ ಈ ಘಟ್ಟ ಹತ್ತಿದ ಕೇರಿಯ ಹುಡುಗರ ಲೆಕ್ಕ ಯಾವ ಪುಸ್ತಕದಲ್ಲಿದೆ? ಈ ಪ್ರಶ್ನೆಯನ್ನು ಕೈಲಿ ಹಿಡಿದುಕೊಂಡೇ ಒಂದು ಅಮೆರಿಕನ್ ಕಾದಂಬರಿಯನ್ನೂ ನಮ್ಮ ಸೀಮೆಯ ಎರಡು ಕಾದಂಬರಿಗಳನ್ನೂ ಓದಬೇಕಾಗಿದೆ.

ಮಾರ್ಕ್ ಟ್ವೇನ್ ಬರೆದ 'ಹಕಲ್‌ಬೆರಿ ಫಿನ್' ಇಂಗ್ಲೆಂಡಿನಲ್ಲಿ 1884ರ ಕೊನೆಗೆ, ಅಮೆರಿಕದಲ್ಲಿ 1885ರಲ್ಲಿ ಹೊರಬಂತು. ಹಕ್ ಹದಿಮೂರು ಹದಿನಾಲ್ಕರ ಬಿಳಿಯ ಹುಡುಗ. ಅಪ್ಪ ಕುಡುಕ, ಹೊಡೆಯುವವನು. ಸಾಕುವ ಹೆಂಗಸರು ಇವನಿಗೆ ಶುಭ್ರ ಬಟ್ಟೆ, ಪ್ರಾರ್ಥನೆ, ಕಾಗುಣಿತ ಕಲಿಸುವ ಒಳ್ಳೆಯವರು. ಆ ಒಳ್ಳೆಯವರ ಮನೆಯಲ್ಲೇ ಜಿಮ್ ಎಂಬ ಕರಿಯ ಗುಲಾಮನಿದ್ದಾನೆ. ಎಂಟುನೂರು ಡಾಲರಿಗೆ ಅವನನ್ನು ದಕ್ಷಿಣಕ್ಕೆ ಮಾರುವ ಮಾತು ಬರುತ್ತದೆ. ಜಿಮ್ ಓಡುತ್ತಾನೆ. ಹಕ್ಕನೂ ಓಡಿರುತ್ತಾನೆ. ಇಬ್ಬರೂ ಮಿಸಿಸಿಪ್ಪಿ ಹೊಳೆಯಲ್ಲಿ ಒಂದೇ ತೆಪ್ಪದ ಮೇಲೆ ಕೂರುತ್ತಾರೆ.

ಹಕ್ ಶಾಲೆ ಬಿಟ್ಟ, ಕದ್ದ, ಸುಳ್ಳು ಹೇಳಿದ ಅನ್ನೋದು ಅವನ ದಂಗೆಯಲ್ಲ. ಅದನ್ನು ಯಾವ ಪೋಲಿ ಹುಡುಗನೂ ಮಾಡಬಲ್ಲ. ಅವನ ದಂಗೆ ಬೇರೆ ಕಡೆ ಇದೆ. ಜಿಮ್ ಎಲ್ಲಿದ್ದಾನೆಂದು ಒಡತಿಗೆ ತಿಳಿಸಿ ಹಕ್ ಒಂದು ಕಾಗದ ಬರೆಯುತ್ತಾನೆ. ಓಡಿಹೋದ ಗುಲಾಮನನ್ನು ಹಿಡಿದುಕೊಡೋದೇ ಧರ್ಮ, ಕೊಡದಿದ್ದರೆ ನರಕ ಅಂತ ಊರು, ಚರ್ಚು, ಕಾನೂನು ಮೂರೂ ಅವನಿಗೆ ಕಲಿಸಿವೆ. ಅವನು ಅದನ್ನು ನಂಬಿದ್ದಾನೆ ಕೂಡ. ಆದರೂ ಕಾಗದ ಹರಿದು, ನರಕವಾದರೆ ನರಕವೇ ಸರಿ ಅಂತ ತೀರ್ಮಾನಿಸುತ್ತಾನೆ. ಅವನಿಗೆ ತಾನು ಒಳ್ಳೇದು ಮಾಡುತ್ತಿದ್ದೇನೆ ಅನ್ನೋದೇ ಗೊತ್ತಿಲ್ಲ. ಓದುವ ನಮಗೆ ಗೊತ್ತಾಗುತ್ತದೆ. ಹುಡುಗನನ್ನು ಕೆಟ್ಟವನು ಅನ್ನುವ ಸಮಾಜ ಎಷ್ಟು ಕೆಟ್ಟದ್ದು ಅಂತ ಆ ಹುಡುಗನ ಬಾಯಲ್ಲೇ ಹೇಳಿಸಿದ್ದು ಟ್ವೇನ್‌ನ ಶಕ್ತಿ. 1885ರಲ್ಲೇ ಕಾನ್‌ಕಾರ್ಡ್ ಊರಿನ ಗ್ರಂಥಾಲಯ ಈ ಪುಸ್ತಕವನ್ನು ಒರಟು ಅಂತ ಹೊರಗಿಟ್ಟಿತು.

ಇಲ್ಲೊಂದು ಪ್ರಶ್ನೆ ಕೇಳಬೇಕು. ಅಮೆರಿಕದಲ್ಲಿ ಗುಲಾಮಗಿರಿ 1865ರಲ್ಲೇ ಕಾನೂನಿನ ಪ್ರಕಾರ ಸತ್ತಿತ್ತು. ಇಪ್ಪತ್ತು ವರ್ಷವಾದ ಮೇಲೆ ಸತ್ತ ಪದ್ಧತಿಯ ಕತೆ ಯಾಕೆ? ಯಾಕೆಂದರೆ ಅದು ಸತ್ತಿರಲಿಲ್ಲ. 1877ರಲ್ಲಿ ಕೇಂದ್ರದ ಸೈನ್ಯ ದಕ್ಷಿಣದ ರಾಜ್ಯಗಳ ಕಾವಲು ಬಿಟ್ಟಿತು. ಬಿಡುಗಡೆಯಾದ ಕರಿಯರನ್ನು ಪಾಲುಗೇಣಿಯ ಸಾಲದಲ್ಲಿ, ಜೈಲಿನಿಂದ ಬಾಡಿಗೆಗೆ ಕೊಡುವ ಕೂಲಿಯಲ್ಲಿ ಮತ್ತೆ ಕಟ್ಟಿಹಾಕಿದರು. ಸರಪಳಿ ಹೋಯಿತು, ಲೆಕ್ಕದ ಪುಸ್ತಕ ಬಂತು.

ಈಗ ನಮ್ಮ ಕಡೆ ಬನ್ನಿ. ಟ್ವೇನ್ ತನ್ನ ಕತೆ ನಲವತ್ತು ಐವತ್ತು ವರ್ಷ ಹಿಂದಿನದು ಅಂದಿದ್ದಾನೆ. ಅಂದರೆ 1835ರಿಂದ 1845. ಅದೇ ಕಾಲದಲ್ಲಿ ನಮ್ಮ ಸೀಮೆಯಲ್ಲೂ ದಂಗೆ ಎದ್ದಿತ್ತು. 1834ರಲ್ಲಿ ಕೊಡಗನ್ನು ನುಂಗಿದ ಕುಂಪಣಿ, ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿ, ಧಾನ್ಯದ ಬದಲು ನಗದಿನಲ್ಲೇ ಕಂದಾಯ ಕಟ್ಟಿ ಅಂದಿತು. 1837ರ ಮಾರ್ಚ್ ಕೊನೆಗೆ ರೈತರು ಬೆಳ್ಳಾರೆಯ ಖಜಾನೆ ಹಿಡಿದರು, ಏಪ್ರಿಲ್ 5ಕ್ಕೆ ಮಂಗಳೂರು ಸೇರಿದರು, ಹದಿಮೂರು ದಿನ ಅಲ್ಲಿ ಬಾವುಟ ಹಾರಿಸಿದರು. ಕಲ್ಯಾಣಸ್ವಾಮಿ ಎಂಬ ಹೆಸರು ಹೊತ್ತು ಮುಂದೆ ನಿಂತ ಪುಟ್ಟಬಸಪ್ಪನನ್ನು ಗಲ್ಲಿಗೆ ಹಾಕಿದರು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷದ ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ನೇಣಿಗೇರಿಸಿದರು. ಗೆದ್ದವರು ಇದನ್ನು ಕಲ್ಯಾಣಪ್ಪನ ಕಾಟಕಾಯಿ ಅಂತ ಹೀಗಳೆದರು. ಕೆದಂಬಾಡಿ ರಾಮಯ್ಯ ಗೌಡರಿಗೆ ಮಂಗಳೂರಿನಲ್ಲಿ ಪ್ರತಿಮೆ ನಿಲ್ಲೋದಕ್ಕೆ 2022 ಬರಬೇಕಾಯಿತು.

ಇದು ನಮ್ಮ ಹೆಮ್ಮೆ, ಅನುಮಾನ ಬೇಡ. ಆದರೆ ಕಂದಾಯದ ದಂಗೆ ಅಂದರೆ ಕಂದಾಯ ಕಟ್ಟುವವನ ದಂಗೆ. ಅಂಗೈಯಗಲ ಭೂಮಿ ಇಲ್ಲದವನು ಏನು ಕಂದಾಯ ಕಟ್ಟುತ್ತಾನೆ? ಅವನೇ ಒಂದು ಆಸ್ತಿಯಾಗಿದ್ದ. 1801ರಲ್ಲಿ ಈ ಜಿಲ್ಲೆಯಲ್ಲಿ ತಿರುಗಿದ ಬುಕಾನನ್ ಗದ್ದೆಗಳಲ್ಲಿ ಗುಲಾಮರು ದುಡಿಯೋದನ್ನು ಬರೆದಿಟ್ಟಿದ್ದಾನೆ. ಮೂಲದ ಹೊಲೆಯ ಅಂದರೆ ಧಣಿಯ ಮನೆಗೂ ಮಣ್ಣಿಗೂ ಅಂಟಿದವನು. ಜಿಮ್‌ನ ಕತೆಗೆ ಮಿಸಿಸಿಪ್ಪಿವರೆಗೆ ಹೋಗಬೇಕಾಗಿರಲಿಲ್ಲ ಕಣ್ರೀ, ನೇತ್ರಾವತಿ, ಪಯಸ್ವಿನಿ ದಡದಲ್ಲೇ ಜಿಮ್ ಇದ್ದ.

ಕಾನೂನು ಇಲ್ಲಿ ಅಮೆರಿಕಕ್ಕಿಂತ ಮೊದಲೇ ಬಂತು. 1843ರ ಐದನೇ ಕಾಯಿದೆ, ಗುಲಾಮನ ಮೇಲಿನ ಹಕ್ಕನ್ನು ಕೋರ್ಟು ಎತ್ತಿಹಿಡಿಯುವುದಿಲ್ಲ ಅಂತು. 1862ರಿಂದ ಜಾರಿಗೆ ಬಂದ ದಂಡಸಂಹಿತೆ ಮನುಷ್ಯನನ್ನು ಕೊಳ್ಳೋದು ಮಾರೋದು ಅಪರಾಧ ಅಂತು. ಆದರೆ ಇವೆರಡರ ನಡುವೆ ಮತ್ತೆರಡು ಸಂಗತಿ ನಡೆದವು. 1854ರಲ್ಲಿ ಫೌಲರ್ ಎಂಬ ಬಿಳಿಯ ಮಡಿಕೇರಿ ಬಳಿ ಕಾಫಿ ತೋಟ ಎಬ್ಬಿಸಿದ. ಅವನ ಹಿಂದೆ ಬೇರೆಯವರು ಬಂದರು, ಎಲ್ಲರಿಗೂ ಆಳು ಬೇಕಾಯಿತು. 1859ರಲ್ಲಿ ಹದಿಮೂರನೇ ಕಾಯಿದೆ ಬಂತು. ಮುಂಗಡ ತಗೊಂಡ ಆಳು ಕೆಲಸ ಮಾಡಲೇಬೇಕು, ಇಲ್ಲವೆ ಹಣ ಹಿಂತಿರುಗಿಸಬೇಕು, ಮ್ಯಾಜಿಸ್ಟ್ರೇಟನ ಆಜ್ಞೆ ಮೀರಿದರೆ ಮೂರು ತಿಂಗಳವರೆಗೆ ಜೈಲು. ಇದು ರದ್ದಾದದ್ದು 1925ರಲ್ಲಿ. ಒಂದು ಕೈಯಲ್ಲಿ ಹಗ್ಗ ಬಿಚ್ಚಿ ಇನ್ನೊಂದು ಕೈಯಲ್ಲಿ ಕಟ್ಟೋದು ಅಂದರೆ ಇದೇ. ಕೆಳಗೆ ಧಣಿ, ಮೇಲೆ ತೋಟದ ರೈಟರು, ನಡುವೆ ಸಂಪಾಜೆಯ ಘಟ್ಟ.

ಈ ಹಗ್ಗವನ್ನು ಕನ್ನಡ ಕಾದಂಬರಿಗೆ ತಂದವರು ಶಿವರಾಮ ಕಾರಂತರು. 1933ರ 'ಚೋಮನ ದುಡಿ'. ಚೋಮನಿಗೆ ಎತ್ತಿದೆ, ಉಳುವ ಆಸೆ ಇದೆ, ಭೂಮಿ ಇಲ್ಲ. ಹೊಲೆಯ ಬೇಸಾಯಗಾರ ಆಗಬಾರದು ಅನ್ನೋದು ಊರಿನ ಕಟ್ಟಳೆ. ಧಣಿ ಸಂಕಪ್ಪಯ್ಯನ ಮನಸ್ಸು ಸ್ವಲ್ಪ ಅಲುಗಾಡಿದರೂ ತಾಯಿ ಬಿಡುವುದಿಲ್ಲ. ಕಾಫಿ ತೋಟದ ಸಾಲ ತೀರಿಸೋದಕ್ಕೆ ಇಬ್ಬರು ಮಕ್ಕಳು, ಚನಿಯ ಮತ್ತು ಗುರುವ, ಘಟ್ಟ ಹತ್ತುತ್ತಾರೆ. ಚನಿಯ ರೋಗಕ್ಕೆ ಬಲಿಯಾಗುತ್ತಾನೆ. ಗುರುವ ಕ್ರೈಸ್ತರ ಹುಡುಗಿಯನ್ನು ಮೆಚ್ಚಿ, ಅವರ ಮತ ಸೇರಿ, ಅಲ್ಲೇ ನಿಲ್ಲುತ್ತಾನೆ. ಇನ್ನೊಬ್ಬ ಮಗ ಹೊಳೆಯಲ್ಲಿ ಮುಳುಗುತ್ತಾನೆ. ದಡದಲ್ಲಿ ಜನ ಇದ್ದಾರೆ, ಮುಟ್ಟಬಾರದವನನ್ನು ಮುಟ್ಟಿ ಎತ್ತುವವರಿಲ್ಲ.

ಎರಡು ಹೊಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಹಕ್ ಮತ್ತು ಜಿಮ್ ಒಂದೇ ತೆಪ್ಪದಲ್ಲಿ ಕೂತು ಒಂದೇ ಪಾತ್ರೆಯದು ತಿಂದರು. ಇಲ್ಲಿ ಮಗು ಮುಳುಗುವಾಗಲೂ ಕೈ ಚಾಚಲಿಲ್ಲ. ಬಣ್ಣದ ಕ್ರೌರ್ಯ ಕಡಿಮೆ ಅಂತ ಹೇಳುತ್ತಿಲ್ಲ, ಅಲ್ಲಿ ಚಾಟಿ ಇತ್ತು, ಹರಾಜು ಇತ್ತು. ಆದರೆ ಮೈಲಿಗೆ ಅನ್ನೋದು ಕರುಣೆಯ ಕೈಯನ್ನೂ ಕಟ್ಟಿಹಾಕುತ್ತದೆ. ನಮ್ಮ ಹೊಳೆದಂಡೆಯಲ್ಲಿ ಒಬ್ಬ ಹಕ್ ಹುಟ್ಟಬೇಕಾದರೆ ನರಕಕ್ಕೆ ಹೆದರದಿದ್ದರೆ ಸಾಲದು, ಜಾತಿಯನ್ನೇ ಕಳೆದುಕೊಳ್ಳೋದಕ್ಕೆ ತಯಾರಿರಬೇಕು.

ಹಾಗಾದರೆ 'ಚೋಮನ ದುಡಿ'ಯಲ್ಲಿ ದಂಗೆಕೋರ ಹುಡುಗನೇ ಇಲ್ಲವೆ? ಇದ್ದಾನೆ. ಗುರುವ. ಅಪ್ಪ ಮತಾಂತರದ ಯೋಚನೆಗೂ ನಡುಗುವಾಗ ಅವನು ಗೆರೆ ದಾಟಿಬಿಟ್ಟ. ಹಕ್ ಹಾಗೆ ಇವನೂ ದೇವರ ಶಾಪಕ್ಕೆ ಹೆದರಲಿಲ್ಲ. ಆದರೆ ಕಾದಂಬರಿ ಗುರುವನ ಹಿಂದೆ ಘಟ್ಟ ಹತ್ತಿ ನಿಲ್ಲುವುದಿಲ್ಲ. ಅದು ಕೆಳಗೆ ಚೋಮನ ಗುಡಿಸಲಲ್ಲೇ ಕೂತು, ದುಡಿ ಬಡಿದು ಸಾಯುವ ಮುದುಕನಿಗಾಗಿ ನಮ್ಮ ಕಣ್ಣೀರು ಕೇಳುತ್ತದೆ. ಕಣ್ಣೀರು ಸುಳ್ಳಲ್ಲ. 1933ರಲ್ಲಿ ಅಷ್ಟು ಬರೆಯೋದಕ್ಕೂ ಎದೆ ಬೇಕಿತ್ತು. ಆದರೆ ಸತ್ತವನಿಗೆ ಅಳೋದು ಓದುಗನಿಗೆ ಸುಲಭ, ಬದುಕಿಕೊಂಡವನ ಮುಖ ನೋಡೋದು ಕಷ್ಟ.

ಇನ್ನೊಂದು ಬಗೆಯ ಹುಡುಗರನ್ನು ತಂದವರು ನಿರಂಜನ. ಸುಬ್ರಹ್ಮಣ್ಯದ ಪಕ್ಕದ ಕುಳ್ಕುಂದದವರು, ನೀಲೇಶ್ವರದಲ್ಲಿ ಓದಿದವರು. ಆಗ ಕಾಸರಗೋಡು ನಮ್ಮ ಜಿಲ್ಲೆಯದೇ ತಾಲೂಕು. ಅಲ್ಲಿನ ಕಯ್ಯೂರಿನಲ್ಲಿ ರೈತರು ಜಮೀನ್ದಾರರ ಎದುರು ಸಂಘ ಕಟ್ಟಿದರು. 1941ರ ಮಾರ್ಚ್ 28ರಂದು ಮೆರವಣಿಗೆಯ ಎದುರು ಸಿಕ್ಕ ಪೊಲೀಸನೊಬ್ಬ ತೇಜಸ್ವಿನಿ ಹೊಳೆಗೆ ಬಿದ್ದು ಸತ್ತ. 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರನ್ನು ನೇಣಿಗೇರಿಸಿದರು. ಐದನೆಯವನಿಗೆ ನೇಣು ತಪ್ಪಿದ್ದು ಅವನಿನ್ನೂ ಪ್ರಾಯಕ್ಕೆ ಬಂದಿರಲಿಲ್ಲ ಅನ್ನುವ ಕಾರಣಕ್ಕೆ. 1955ರ 'ಚಿರಸ್ಮರಣೆ'ಯ ಅಪ್ಪು, ಚಿರುಕಂಡ ಈ ಮಣ್ಣಿನಿಂದಲೇ ಎದ್ದವರು. ಹಕ್ ಒಬ್ಬನೇ ತೀರ್ಮಾನ ಮಾಡಿದ, ಕೊನೆಗೆ ಒಬ್ಬನೇ ಪಶ್ಚಿಮದ ಕಡೆ ಹೊರಡುವ ಮಾತಾಡಿದ. ಇವರು ಓಡಲಿಲ್ಲ, ಸಂಘ ಮಾಡಿದರು. ದಂಗೆಗೆ ಇದು ದೊಡ್ಡ ಪಾಠ.

ಆದರೆ ಗೇಣಿದಾರನ ಹೋರಾಟ ಗೆದ್ದಾಗ ಗೇಣಿಚೀಟಿ ಇಲ್ಲದವನಿಗೆ ಏನು ಬಂತು? ನಮ್ಮ ರಾಜ್ಯದಲ್ಲಿ 1974ರ ಭೂಸುಧಾರಣೆ ಉಳುವವನನ್ನು ಒಡೆಯನನ್ನಾಗಿ ಮಾಡಿತು. ಚೋಮ ಉಳುವವನಾಗಿ ಲೆಕ್ಕದಲ್ಲೇ ಇರಲಿಲ್ಲವಲ್ಲ, ಅವನು ಯಾವ ಡಿಕ್ಲರೇಷನ್ ಕೊಡಬೇಕಿತ್ತು? ಜೀತ ರದ್ದಾಗೋದಕ್ಕೆ 1976ರ ಕಾಯಿದೆ ಬೇಕಾಯಿತು. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ನಂತರ ಸಿಲೋನಿನ ಚಾ ತೋಟಗಳಿಂದ ಬಂದ ತಮಿಳರನ್ನು ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ನೆಲೆಗೊಳಿಸಿದರು. ತೋಟ ಬದಲಾಯಿತು, ಮರ ಬದಲಾಯಿತು, ಲೈನ್ ಮನೆ ಹಾಗೇ ಉಳಿಯಿತು.

ಟ್ವೇನ್ ಕಾದಂಬರಿಯ ಕೊನೆಯನ್ನು ನೋಡಿ. ಒಡತಿ ಸಾಯುವ ಮೊದಲೇ ಜಿಮ್‌ಗೆ ಬಿಡುಗಡೆ ಬರೆದಿಟ್ಟಿದ್ದಾಳೆ. ಟಾಮ್ ಸಾಯರ್ ಎಂಬ ಅನುಕೂಲಸ್ಥ ಹುಡುಗನಿಗೆ ಇದು ಗೊತ್ತು. ಗೊತ್ತಿದ್ದೂ ಜಿಮ್‌ನನ್ನು ಕೂಡಿಹಾಕಿದ ಜಾಗದಲ್ಲೇ ಇಟ್ಟು, ಪುಸ್ತಕದಲ್ಲಿ ಓದಿದ ಹಾಗೆ ಬಿಡಿಸುವ ಆಟ ಆಡುತ್ತಾನೆ. ಹಕ್ಕನೂ ಕೈಜೋಡಿಸುತ್ತಾನೆ. ಬಿಡುಗಡೆ ಮಾಡಿಸುವವರ ಸಾಹಸವೇ ದೊಡ್ಡದಾಗಿ, ಬಿಡುಗಡೆ ಆಗಬೇಕಾದವನು ಕತ್ತಲಲ್ಲಿ ಕೂತಿರೋದು ನಮಗೆ ಹೊಸದೇ? ನಮ್ಮ ಉದ್ಧಾರದ ಹೆಸರಲ್ಲಿ ಇಂಥ ಎಷ್ಟು ಆಟ ನೋಡಿಲ್ಲ!

ಹಾಗಾಗಿ ಜಿಮ್‌ನೇ ಮಾತಾಡಬೇಕಾಯಿತು. ಫ್ರೆಡೆರಿಕ್ ಡಗ್ಲಸ್ ಎಂಬ ಓಡಿಬಂದ ಗುಲಾಮ 1845ರಲ್ಲೇ ತನ್ನ ಕತೆ ತಾನೇ ಬರೆದಿದ್ದ. 2024ರಲ್ಲಿ ಕರಿಯ ಲೇಖಕ ಪರ್ಸಿವಲ್ ಎವೆರೆಟ್ 'ಜೇಮ್ಸ್' ಕಾದಂಬರಿ ಬರೆದು, ಅದೇ ಹೊಳೆಯ ಕತೆಯನ್ನು ಜಿಮ್‌ನ ಬಾಯಿಂದ ಹೇಳಿಸಿದ. ಅವನ ಜಿಮ್‌ಗೆ ಓದು ಬರಹ ಗೊತ್ತು, ಬಿಳಿಯರ ಮುಂದೆ ಗೊತ್ತಿಲ್ಲದವನ ಹಾಗೆ ನಟಿಸುತ್ತಾನೆ. ನಮ್ಮಲ್ಲೂ ದೇವನೂರ ಮಹಾದೇವರ 'ಒಡಲಾಳ', ಅರವಿಂದ ಮಾಲಗತ್ತಿಯವರ 'ಗವರ್ಮೆಂಟ್ ಬ್ರಾಹ್ಮಣ', ಸಿದ್ಧಲಿಂಗಯ್ಯನವರ 'ಊರುಕೇರಿ' ಬಂದ ಮೇಲೆ ಕೇರಿ ತನ್ನ ಮಾತು ತಾನೇ ಆಡಿತು.

ಉಳಿದಿರುವುದು ಗುರುವನ ಕತೆ. ಅವನು ತೋಟದಲ್ಲಿ ಎಷ್ಟು ಕೂಲಿ ತಗೊಂಡ? ಮತ ಬದಲಾಯಿಸಿದ ಮೇಲೆ ಲೈನ್ ಮನೆಯ ಬಾವಿಯಲ್ಲಿ ನೀರು ಸೇದೋದಕ್ಕೆ ಬಿಟ್ಟರೇ? ಮಕ್ಕಳನ್ನು ಶಾಲೆಗೆ ಕಳಿಸಿದನೇ, ಇಲ್ಲ ಅವರ ಹೆಸರೂ ಮುಂಗಡದ ಪುಸ್ತಕಕ್ಕೆ ಬಂತೇ? ಸಂಪಾಜೆ, ಕಲ್ಲುಗುಂಡಿ, ಅರಂತೋಡಿನ ಕೇರಿಗಳಲ್ಲಿ, ಘಟ್ಟದ ಮೇಲಿನ ಲೈನ್ ಮನೆಗಳಲ್ಲಿ ಇದಕ್ಕೆ ಉತ್ತರ ಗೊತ್ತಿರುವ ಮುದುಕ ಮುದುಕಿಯರು ಇರುತ್ತಾರೆ. ಅವರ ಮೊಮ್ಮಕ್ಕಳು ಈಗ ಕಾಲೇಜಿಗೆ ಹೋಗುತ್ತಿದ್ದಾರೆ. ಆ ಮೊಮ್ಮಕ್ಕಳು ಹೋಗಿ ಅಜ್ಜಿಯ ಪಕ್ಕ ಕೂರಲಿ. ಹೆಸರು, ವರ್ಷ, ತೋಟ, ಕೂಲಿ, ಸಾಲ, ಎಲ್ಲ ಕೇಳಿ ಬರೆದುಕೊಳ್ಳಲಿ. ಕಾರಂತರ ಕಾದಂಬರಿ ಎಲ್ಲಿ ಘಟ್ಟದ ಕೆಳಗೆ ನಿಂತಿತೋ ಅಲ್ಲಿಂದ ಮುಂದಿನ ಇತಿಹಾಸ ಅವರ ಕೈಯಲ್ಲಿದೆ.