ನಮ್ಮ ಸ್ಕೌಟ್ ದಳ ಮರಳಿ ಎದ್ದ ಬಗೆ

ಧರ್ಮಕೇಂದ್ರದ ಚರಿತ್ರೆಯಲ್ಲಿ ಸ್ಕೌಟ್ ದಳಕ್ಕೂ ಒಂದು ಪುಟ ಸಲ್ಲಬೇಕು. ನಾವು ಇಲ್ಲಿಗೆ ವಿಚಾರಣಾ ಗುರುಗಳಾಗಿ ಬಂದಾಗ ಉಳಿದಿದ್ದುದು ಆರು ಹುಡುಗರು, ಗೆದ್ದಲು ಹಿಡಿದ ಪೆಟ್ಟಿಗೆಯಲ್ಲೊಂದು ಬಾವುಟ. ಹೊರುವವರಿಲ್ಲದೆ ದಳದ ನಾಯಕತ್ವವನ್ನು ನಾವೇ ಹೊತ್ತೆವು. ಆಟ, ಗಂಟು, ಪ್ರಾರ್ಥನೆ ಎಲ್ಲಕ್ಕೂ ನಮ್ಮದೇ ಆಜ್ಞೆ. ಮೂರು ತಿಂಗಳಲ್ಲಿ ಆರು ಮಂದಿ ನಾಲ್ವರಾದರು! ತಪ್ಪು ನಮ್ಮದೇ.

1907ರಲ್ಲಿ ಬ್ರೌನ್‌ಸೀ ದ್ವೀಪದ ಶಿಬಿರದಲ್ಲಿ ಬೇಡನ್ ಪೊವೆಲರು ಸುಮಾರು 20 ಹುಡುಗರನ್ನು ನಾಲ್ಕು ತುಕಡಿಗಳಾಗಿ ವಿಂಗಡಿಸಿ, ಒಂದೊಂದನ್ನೂ ಒಬ್ಬ ಹಿರಿಯ ಹುಡುಗನ ವಶಕ್ಕೆ ಒಪ್ಪಿಸಿದ್ದರು. ಸ್ಕೌಟಿಂಗಿನ ಜೀವಾಳವೇ ಅದು. ಪುಸ್ತಕದಲ್ಲಿ ಓದಿಯೂ ನಾವು ಮರೆತಿದ್ದೆವು. 1920ರಲ್ಲಿ ಫ್ರಾನ್ಸಿನ ಕಥೋಲಿಕ ಸ್ಕೌಟ್ ಸಂಘವನ್ನು ಕಟ್ಟಿದವರಲ್ಲಿ ಪ್ರಮುಖರಾದ ಯೇಸುಸಭೆಯ ಜಾಕ್ ಸೆವಿನ್ ಸ್ವಾಮಿಗಳಂತೂ 1933ರಲ್ಲಿ ಅಲ್ಲಿನ ಹೊಣೆಗಳನ್ನೆಲ್ಲ ಕಳೆದುಕೊಂಡರೂ ವಿಧೇಯರಾಗಿ ಸರಿದು ನಿಂತರು. 2012ರಲ್ಲಿ ಜಗದ್ಗುರು ಹದಿನಾರನೆಯ ಬೆನೆಡಿಕ್ಟರ ಅನುಮತಿಯಿಂದ ಅವರನ್ನು ಪೂಜ್ಯರೆಂದು ಸಾರಲಾಯಿತು. ಕಟ್ಟಿದವರೇ ಬಿಟ್ಟುಕೊಟ್ಟಿರಲು, ನಾಲ್ವರ ಮೇಲಿನ ದೊರೆತನ ನಮಗೇಕೆ?

ಮುಂದಿನ ಭಾನುವಾರ ಬಲಿಪೂಜೆಯ ಬಳಿಕ ಸೀಟಿಯನ್ನು ಹಿರಿಯ ಹುಡುಗನ ಕೈಗಿತ್ತೆವು. ಬಿಟ್ಟುಹೋದ ಇಬ್ಬರನ್ನು ಮರಳಿ ಕರೆತಂದವನು ಅವನೇ. ಮೊದಲ ಶಿಬಿರದಲ್ಲಿ ಅನ್ನ ಸೀದುಹೋಯಿತು. ನಾವೂ ಅದನ್ನೇ ಉಂಡೆವು.